ಹದಿನೆಂಟು ಅಕ್ಷರಗಳ ಋಣ

2009ರಲ್ಲಿ ಜಪಾನಿನಲ್ಲಿ ಪ್ರಕಟವಾದ ‘ಸ್ಟೈನ್ಸ್ ಗೇಟ್’ ಎಂಬ ವಿಷುಯಲ್ ನಾವೆಲನ್ನು ಆಡಿದೆನೆನ್ನಬೇಕೋ ಓದಿದೆನೆನ್ನಬೇಕೋ ಎಂಬ ಸಂದೇಹ, ಅದರ ಆಂಗ್ಲಾನುವಾದವನ್ನು ಹಲವು ಇರುಳುಗಳ ಕಾಲ ಕುಳಿತು ಮುಗಿಸಿದ ಮೇಲೂ ನನ್ನನ್ನು ಬಿಟ್ಟಿಲ್ಲ. ನಿಶ್ಚಲಪ್ರಾಯವಾದ ಚಿತ್ರಗಳ ಕೆಳಗೆ ಮೂಡುವ ಗದ್ಯವನ್ನು ಓದುತ್ತ ಹೋಗುವುದೇ ಇಲ್ಲಿನ ಮುಖ್ಯ ವ್ಯಾಪಾರ. ಈ ಜಾತಿಯ ಇತರ ಕೃತಿಗಳಲ್ಲಿ ಕಥೆ ಕವಲೊಡೆಯುವೆಡೆ ಎದುರಾಗುವ ಆಯ್ಕೆಗಳ ಪಟ್ಟಿ ಕೂಡ ಇಲ್ಲಿಲ್ಲ. ಇರುವುದು ನಾಯಕನ ಮೊಬೈಲೊಂದೇ: ಕರೆ ಬಂದರೆ ಎತ್ತಬಹುದು, ಬಿಡಬಹುದು, ಬಂದ ಸಂದೇಶದಲ್ಲಿ ಎದ್ದುಕಾಣುವಂತೆ ಗುರುತಿಸಿದ ಪದವೊಂದನ್ನು ಹಿಡಿದು ಉತ್ತರಿಸಬಹುದು.

2010ರ ಬೇಸಗೆಯಲ್ಲಿ, ಟೋಕಿಯೋದ ಅಕಿಹಬರದಲ್ಲಿ, ಹಳೆಯ ಟಿವಿಗಳ ಅಂಗಡಿಯ ಮೇಲಿನ ಬಾಡಿಗೆ ಕೋಣೆಯನ್ನೇ ಪ್ರಯೋಗಶಾಲೆಯೆಂದು ಕರೆದುಕೊಳ್ಳುವ ಒಕಾಬೆ ರಿಂತಾರೊ ಎಂಬ ತರುಣನೂ ಅವನ ಗೆಳೆಯರೂ, ಮೊಬೈಲು ಜೋಡಿಸಿದ ಮೈಕ್ರೋವೇವ್ ಒಲೆಯೊಂದು ಭೂತಕಾಲಕ್ಕೆ ಸಂದೇಶ ಕಳುಹಿಸಬಲ್ಲುದೆಂಬುದನ್ನು ಆಕಸ್ಮಿಕವಾಗಿ ಕಂಡುಕೊಳ್ಳುತ್ತಾರೆ. ಸಂದೇಶದ ಮಿತಿ 36 ಬೈಟು, ಎಂದರೆ ಜಪಾನೀ ಲಿಪಿಯಲ್ಲಿ 18 ಅಕ್ಷರ. ಗತವನ್ನು ತಿದ್ದಿದೊಡನೆ ಉಳಿದವರೆಲ್ಲ ಹಿಂದಿನ ಜಗತ್ತನ್ನು ಮರೆಯುತ್ತಾರೆ. ಅದರ ಸ್ಮೃತಿ ಒಕಾಬೆಯೊಬ್ಬನಲ್ಲಿ ಉಳಿಯುತ್ತದೆ, ಮತ್ತು ಓದುಗನಲ್ಲಿ. ಉಳಿಸಿಟ್ಟ ಘಟ್ಟಕ್ಕೆ ಹಿಂದಿರುಗಿ ಬೇರೆ ದಾರಿ ಹಿಡಿಯುವುದು ಇಂಥ ಆಟಗಳಲ್ಲಿ ಸಾಮಾನ್ಯ ಸೌಕರ್ಯ. ಆ ಸೌಕರ್ಯವನ್ನೇ ಹೊಣೆಯನ್ನಾಗಿ ಮಾರ್ಪಡಿಸಿದುದು ಈ ಕೃತಿಯ ನಿಜವಾದ ಸಿದ್ಧಿಯೆಂದು ನಾನು ಬಗೆಯುತ್ತೇನೆ.

ಬಾಲ್ಯದ ಗೆಳತಿ ಮಯೂರಿಯನ್ನು ಸಾವಿನಿಂದ ಪಾರುಮಾಡಬೇಕಾದರೆ, ಹಿಂದೆ ಕಳುಹಿಸಿದ ಸಂದೇಶಗಳನ್ನು ಒಂದೊಂದಾಗಿ ರದ್ದುಗೊಳಿಸಬೇಕು. ಅವುಗಳಲ್ಲಿ ಪ್ರತಿಯೊಂದೂ ಯಾರದೋ ಹಂಬಲವಾಗಿತ್ತು. ಭವಿಷ್ಯದಿಂದ ಬಂದು ತಂದೆಯನ್ನು ಅರಸುತ್ತಿದ್ದ ಸುಜುಹಾಳನ್ನು, ಆ ಭೇಟಿ ಕೈಗೂಡಲೆಂಬ ಒಳ್ಳೆಯ ಮನಸ್ಸಿನಿಂದಲೇ ಒಕಾಬೆ ಅಂಥದೊಂದು ಸಂದೇಶ ಕಳುಹಿಸಿ ಹೊರಡಗೊಡದೆ ತಡೆದಿದ್ದನು. ಅಂದಿನ ಮಳೆಗೆ ಅವಳ ಯಂತ್ರ ಕೆಟ್ಟಿತು. 1975ಕ್ಕೆ ಹೋದವಳು ನೆನಪನ್ನೇ ಕಳೆದುಕೊಂಡು, ಬಂದ ಕಾರ್ಯ ವಿಫಲವಾಯಿತೆಂಬ ಪತ್ರವೊಂದನ್ನು ಬಿಟ್ಟು, 2000ದಲ್ಲಿ ಪ್ರಾಣ ನೀಗಿಕೊಂಡಳು. ಇದನ್ನು ಸರಿಪಡಿಸುವ ಸಂದೇಶವು ಅವಳು ತಂದೆಯನ್ನು ಕಂಡ ದಿನವನ್ನೂ ಅಳಿಸುತ್ತದೆ. ಅದನ್ನು ಕಳುಹಿಸಬೇಕಾದುದು ಓದುಗನ ಬೆರಳು.

ಪರಿಪೋಷ ಹೊಂದಿದ ರಸವನ್ನು ಮರಳಿ ಮರಳಿ ಉದ್ದೀಪಿಸುವುದನ್ನು ಕಾವ್ಯಮೀಮಾಂಸಕ ಆನಂದವರ್ಧನನು ದೋಷವೆಂದಿರುವನು. ಮಯೂರಿ ಮತ್ತೆ ಮತ್ತೆ ಸಾಯುವುದನ್ನು ಕಾಣುವಾಗ ಆ ಮಾತು ನೆನಪಾಗದಿರದು, ಮೂರನೆಯ ಸಲಕ್ಕೆ ನನ್ನ ಕಣ್ಣೂ ಒಣಗಿತ್ತು. ಆದರೆ ಇಲ್ಲಿ ಪುನರಾವೃತ್ತಿಯ ಉದ್ದೇಶ ಕರುಣವನ್ನು ಬೆಳೆಸುವುದಲ್ಲ, ಕರುಣೆ ಬತ್ತುವ ಬಗೆಯನ್ನು ತೋರುವುದು. ಸುಜುಹಾಳ ಆ ದಿನವನ್ನು ಅಳಿಸಲೊಪ್ಪದವನಿಗೆ ತೆರೆಯುವ ಉಪಪಥದಲ್ಲಿ ಒಕಾಬೆ ಅವೇ ಎರಡು ದಿನಗಳನ್ನು ಎಣಿಕೆ ತಪ್ಪುವಷ್ಟು ಸಲ ಬಾಳಿ, ಗೆಳತಿಯ ಮರಣಕ್ಕೂ ಕಲಕದ ಮನಸ್ಸಿನವನಾಗುತ್ತಾನೆ. ಮಿಯಾನೊ ಮಾಮೊರು ಅವನಿಗೆ ಕೊಟ್ಟಿರುವ ಕಂಠದ ಆರಂಭದ ಅಬ್ಬರವನ್ನು ಕೇಳಿದವರಿಗೆ ಈ ಪರಿಣಾಮ ದಾರುಣವಾಗಿ ತೋರುತ್ತದೆ.

ನ್ಯೂನತೆಗಳುಂಟು. ಪೂರ್ವಾರ್ಧದ ಹರಟೆ ಅಗತ್ಯಕ್ಕಿಂತ ಬಹಳ ದೀರ್ಘ. ರುಕಾ ಎಂಬ ಮೃದುಸ್ವಭಾವದ ಹುಡುಗ ಹೆಣ್ಣಾಗಿ ಹುಟ್ಟಿದ್ದರೆ ಎಂದು ಹಂಬಲಿಸುವುದನ್ನು ನಗೆಗೆ ಸರಕು ಮಾಡಿರುವುದು ಲೇಖಕರ ಔಚಿತ್ಯಪ್ರಜ್ಞೆಗೆ ತಕ್ಕುದಲ್ಲ. ಅನ್ಯರ ಹಂಬಲಗಳ ಬೆಲೆಯನ್ನೇ ವಸ್ತುವಾಗಿ ಉಳ್ಳ ಕೃತಿಯಲ್ಲಿ ಇದು ಇನ್ನೂ ಹೆಚ್ಚು ನೋಯಿಸುತ್ತದೆ. ಕೊನೆಯ ನಿಜವಾದ ಮುಕ್ತಾಯವಾದರೋ, ಕುರಿಸು ಎಂಬ ವಿಜ್ಞಾನಿಯ ಸಂದೇಶಗಳಿಗೆ ಕೊಟ್ಟ ಉತ್ತರಗಳ ಹಿಂದೆ ಯಾರೂ ಊಹಿಸಲಾರದಂತೆ ಅಡಗಿದೆ. ನಾನೂ ಮೊದಲ ಸಲ ಅದನ್ನು ತಲುಪಲಿಲ್ಲ. ಬಹು ಹಿಂದಕ್ಕೆ ಮರಳಿ, ಬೇರೆ ಉತ್ತರಗಳನ್ನು ಬರೆದು, ಸುಜುಹಾಳ ದಿನವನ್ನು ಎರಡನೆಯ ಸಲ ಅಳಿಸಬೇಕಾಗಿ ಬಂತು. ಫಲವೇನೆಂದು ತಿಳಿದಿದ್ದರೂ, ಆ ಗುಂಡಿಯನ್ನು ಒತ್ತಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು.