ಬೀದರ ಸೀಮೆಯ ಚರಿತ್ರೆಯಲ್ಲಿ ‘ಗಂಡುತನ’ದ ಕಲ್ಪನೆ: ಒಂದು ವಿಮರ್ಶೆ

ಬೀದರ ಸೀಮೆಯ ಚರಿತ್ರೆಯನ್ನು ಹೇಳುವವರಲ್ಲಿ ಒಂದು ವಾಡಿಕೆಯುಂಟು. ಕಾಳಗ, ಕೊಲೆ, ಲೂಟಿಗಳ ಪ್ರಸಂಗ ಬಂದೊಡನೆ ಇದು ಗಂಡುಮೆಟ್ಟಿದ ನೆಲ, ಇಲ್ಲಿಯವರ ರಕ್ತವೇ ಬಿಸಿ ಎಂದು ಹೇಳಿ ಮುಂದೆ ಸಾಗಿಬಿಡುವುದು. ಕಾರಣವನ್ನು ಶೋಧಿಸಬೇಕಾದ ಸ್ಥಳದಲ್ಲಿ ಹೊಗಳಿಕೆಯನ್ನಿರಿಸುವ ಈ ಪದ್ಧತಿಯನ್ನು ನಾವು ಒಪ್ಪಲಾರೆವು. ದೇಹಧರ್ಮವೆಂಬುದೊಂದು ಇಲ್ಲವೆಂದಲ್ಲ. ಆದರೆ ಉಗ್ರತೆಯನ್ನು ಕಲಿಸಿದವರಾರು ಎಂಬ ಪ್ರಶ್ನೆಯು ಮನಶ್ಶಾಸ್ತ್ರಕ್ಕೆ ಸೇರಿದಷ್ಟೇ ಇತಿಹಾಸಕ್ಕೂ ಸೇರಿದುದು.

1948ನೆಯ ವರ್ಷವನ್ನೇ ತೆಗೆದುಕೊಳ್ಳೋಣ. ಕಾಸಿಂ ರಜ್ವಿಯ ರಜಾಕಾರ ಪಡೆಗೆ ಸೇರಿದ ತರುಣರು ಹುಟ್ಟಿನಿಂದ ರಜಾಕಾರರಾಗಿರಲಿಲ್ಲ. ಕವಾಯತು, ಸಮವಸ್ತ್ರ, ಆವೇಶದ ಭಾಷಣ ಇವುಗಳಿಂದ ಅವರನ್ನು ಸಿದ್ಧಪಡಿಸಲಾಯಿತು. ಆ ಮೇ ತಿಂಗಳಿನ ಗೋರಟಾ ಹತ್ಯಾಕಾಂಡವನ್ನು ಜಿಲ್ಲೆ ಇಂದಿಗೂ ಮರೆತಿಲ್ಲ. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ತರುವಾಯ ಸೇಡಿನ ಕೈ ಬದಲಾಯಿತು. ಸರಕಾರವು ದೀರ್ಘಕಾಲ ಪ್ರಕಟಿಸದಿದ್ದ ಪಂಡಿತ ಸುಂದರಲಾಲರ ಸಮಿತಿಯ ವರದಿಯು, ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜುಮಾಡಿ, ಅತ್ಯಧಿಕ ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. (ಅಂದಿನ ಬೀದರ ಜಿಲ್ಲೆಯು ಭಾಲ್ಕಿ, ಔರಾದ ಭಾಗಗಳೊಡನೆ ಉದಗೀರ, ನಿಲಂಗಾ, ಜಹೀರಾಬಾದಗಳನ್ನೂ ಒಳಗೊಂಡಿತ್ತು, 1956ರ ನಂತರದ ನಕ್ಷೆಯನ್ನು ಮುಂದಿಟ್ಟುಕೊಂಡು ವರದಿಯನ್ನೋದುವ ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು.)

ಅದೇ ವರದಿಯಲ್ಲಿ, ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಒಂದು ಮಾತಿದೆ. ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ರಕ್ಷಿಸಿದರು. ಕೆಲವೆಡೆ ತಮ್ಮ ಪ್ರಾಣವನ್ನೇ ತೆತ್ತರು. ‘ಬಿಸಿ ರಕ್ತ’ವೇ ಕಾರಣವಾಗಿದ್ದರೆ ಈ ಗಂಡಸರ ರಕ್ತವೇಕೆ ಬೇರೆ ದಾರಿ ಹಿಡಿಯಿತು? ಒಂದೇ ಕಸುಬಿನಲ್ಲಿ ಬೆಳೆದವರ ಬಾಂಧವ್ಯವು ಗಂಡಸುತನಕ್ಕೆ ಬೇರೊಂದು ಅರ್ಥವನ್ನು ಕಲಿಸಿದ್ದಿತೆಂದೇ ನಮ್ಮ ಅಭಿಪ್ರಾಯ. 1961ರಲ್ಲಿ ಬಂಡೂರಾ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಸಮೀಪವಾದುದನ್ನೇ ತೋರಿಸಿತು: ದೊಡ್ಡವರು ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆದರು; ಗಂಡಸು ಹೊಡೆದುದನ್ನು ಕಂಡ ಗಂಡುಹುಡುಗರಲ್ಲಿ ಈ ಅನುಕರಣೆ ಇನ್ನೂ ಹೆಚ್ಚು.

ನಮ್ಮ ಮನೆಗಳಲ್ಲಿ ಬೊಂಬೆಯ ಅವಶ್ಯಕತೆಯಿಲ್ಲ. ಪೆಟ್ಟು ತಿಂದು ಅಳುತ್ತ ಬಂದ ಹುಡುಗನಿಗೆ ‘ಬಳೆ ತೊಟ್ಟುಕೊಂಡಿದ್ದೀಯಾ?’ ಎಂಬ ಒಂದು ಮಾತು ಸಾಕು. ವಿಚಿತ್ರವೆಂದರೆ ಬಳೆ ತೊಟ್ಟ ಕೈಗಳೇ ಮನೆಯನ್ನೂ ಹೊಲವನ್ನೂ ನಡೆಸುತ್ತಿದ್ದರೂ ಈ ಮಾತನ್ನು ಬಹುಮಟ್ಟಿಗೆ ತಾಯಂದಿರೇ ಆಡುವರು. ಹುಡುಗನು ಆ ಮಾತಿನಿಂದ ಎರಡನ್ನು ಕಲಿಯುತ್ತಾನೆ: ಹೊಡೆಯುವುದು ಮರ್ಯಾದೆ, ಹೆಣ್ಣಾಗಿರುವುದು ಅವಮಾನ.

ಇದಕ್ಕೆ ಇದಿರಾದ ಸಂಪ್ರದಾಯವೂ ಈ ಸೀಮೆಯಲ್ಲಿಯೇ ಇದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರನ್ನು ನಮ್ಮ ಲೇಖಕರು ಕನ್ನಡಾಭಿಮಾನದ ಅಧ್ಯಾಯದಲ್ಲಿ ಮಾತ್ರ ಸೇರಿಸಿರುವರು. ಕೈಯೆತ್ತದೆಯೂ ಅಧಿಕಾರಕ್ಕೆ ಮಣಿಯದ ಧೈರ್ಯವು ಅವರಿಗೆ ‘ಗಂಡುತನ’ವೆಂದು ತೋರದಿರುವುದೇ ನಮ್ಮ ಆಕ್ಷೇಪಣೆಯ ತಿರುಳು.

1948ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿರುವರು. ಬೀದರ, ಭಾಲ್ಕಿ, ಔರಾದಗಳ ಕಾಲೇಜು ವಿದ್ಯಾರ್ಥಿಗಳು ಅವರನ್ನು ಭೇಟಿಯಾಗುವಾಗ ಯಾರು ಯಾರನ್ನು ಕೊಂದರೆಂಬುದನ್ನಷ್ಟೇ ಕೇಳದೆ, ಗಂಡಸೆಂದರೆ ಏನೆಂದು ಅವರಿಗೆ ಮೊದಲು ಹೇಳಿಕೊಟ್ಟವರು ಯಾರೆಂಬುದನ್ನೂ ಕೇಳಿ ಬರೆದುಕೊಳ್ಳಲಿ. ಅದಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ.