ಅಳಿಯನೂ ಪ್ರಧಾನಿಯೂ

ದೇಶಾಂತರದ ರಾಜಕಾರಣವನ್ನು ಕನ್ನಡದಲ್ಲಿ ಬರೆಯುವವರಿಗೆ ಮೊದಲು ಬೇಕಾದುದು ಶಬ್ದವಿವೇಕ. ಒಂದು ಶಬ್ದವು ವಾಚಕನ ಮನಸ್ಸನ್ನು ಒಂದು ದಿಕ್ಕಿಗೆ ತಿರುಗಿಸಿತೆಂದರೆ, ಆಮೇಲೆ ಎಷ್ಟು ಸಂಗತಿಗಳನ್ನು ಒದಗಿಸಿದರೂ ಅವು ಆ ದಿಕ್ಕಿಗೇ ಹರಿಯುವವು. 2022ನೆಯ ಇಸವಿಯ ಅಕ್ಟೋಬರ್ 25ರಂದು ಋಷಿ ಸುನಕರು ಬ್ರಿಟನ್ನಿನ ಪ್ರಧಾನಿಯಾದಾಗ ಕನ್ನಡ ವರ್ತಮಾನಪತ್ರಗಳು ಅವರಿಗಾಗಿ ಆರಿಸಿಕೊಂಡ ಶಬ್ದ ‘ಅಳಿಯ’. 2024ರ ಜುಲೈ 5ರಂದು ಅವರು ಅಧಿಕಾರವನ್ನು ಬಿಟ್ಟುಕೊಡುವವರೆಗೂ ಬಹುಮಟ್ಟಿಗೆ ಅದೇ ಶಬ್ದ ಉಳಿಯಿತು.

ಈ ಸಲಿಗೆಗೆ ಕಾರಣವಿಲ್ಲದೆ ಇಲ್ಲ. ಸುನಕರ ಪತ್ನಿ ಅಕ್ಷತಾ ಮೂರ್ತಿಯವರು 1980ರಲ್ಲಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಅವರ ತಾಯಿ ಸುಧಾ ಮೂರ್ತಿಯವರು ಹುಟ್ಟಿದ್ದು ಶಿಗ್ಗಾವಿಯಲ್ಲಿ. 1997ರವರೆಗೆ ಹುಬ್ಬಳ್ಳಿ, ಶಿಗ್ಗಾವಿ, ಗದಗ, ಶಿರಹಟ್ಟಿ, ಮುಂಡರಗಿ ಎಲ್ಲವೂ ಧಾರವಾಡವೆಂಬ ಒಂದೇ ಜಿಲ್ಲೆಯ ಊರುಗಳು. ಆ ಸೀಮೆಯ ಮಗಳ ಗಂಡನು ಒಂದು ಕಾಲಕ್ಕೆ ಈ ದೇಶವನ್ನಾಳಿದ ರಾಜ್ಯದ ಗದ್ದುಗೆಯನ್ನೇರಿದನೆಂದು ಗದಗ-ಬೆಟಗೇರಿಯ ಜನರು ಹಿಗ್ಗಿದರೆ ಅದನ್ನು ತಪ್ಪೆನ್ನುವವರು ಯಾರು? ತಪ್ಪು ನಡೆದುದು ಬೇರೆಡೆಗೆ: ಬೀಗರ ಮನೆಯ ಸಂತೋಷವು ವಿಮರ್ಶೆಯ ಪೀಠದ ಮೇಲೆ ಬಂದು ಕುಳಿತುಬಿಟ್ಟಿತು. ಕನ್ನಡ ನಾಡಿನ ಇತಿಹಾಸದಲ್ಲಿ ‘ಅಳಿಯ’ ಎಂಬುದನ್ನು ಹೆಸರಿನೊಡನೆಯೇ ಹೊತ್ತ ಪುರುಷನೊಬ್ಬನಿದ್ದಾನೆ. ಆದರೆ ರಾಮರಾಯನು ಕೃಷ್ಣದೇವರಾಯನ ಅಳಿಯನೆಂದು ಇತಿಹಾಸಕಾರರು ಆತನ ಲೆಕ್ಕವನ್ನು ಮುಗಿಸಿಲ್ಲ. ಸುಲ್ತಾನರೊಡನೆ ಆತನು ನಡೆಸಿದ ರಾಜನೀತಿಯನ್ನೂ 1565ರ ರಕ್ಕಸ-ತಂಗಡಗಿಯ ಪರಾಜಯವನ್ನೂ ಮುಂದಿಟ್ಟುಕೊಂಡೇ ಆತನನ್ನು ತೂಗಿದ್ದಾರೆ.

ಸುನಕರನ್ನು ಹಾಗೆ ತೂಗುವ ಪ್ರಸಂಗವು ಅವರು ಪ್ರಧಾನಿಯಾಗುವ ಮೊದಲೇ ಒದಗಿತ್ತು. 2022ರ ಏಪ್ರಿಲ್ ತಿಂಗಳಲ್ಲಿ ಅವರು ಅರ್ಥಸಚಿವರು. ಬ್ರಿಟನ್ನಿನ ದುಡಿಯುವ ಜನರು ವೇತನದಿಂದ ಕೊಡುವ ರಾಷ್ಟ್ರೀಯ ವಿಮೆಯ ವಂತಿಗೆಯನ್ನು ಅವರು ಶೇಕಡಾ 12ರಿಂದ 13.25ಕ್ಕೆ ಏರಿಸಿದ್ದರು. ಆ ಏರಿಕೆಯು ಜಾರಿಗೆ ಬಂದ ವಾರದಲ್ಲಿಯೇ ಅವರ ಪತ್ನಿಯ ತೆರಿಗೆಯ ವಿಷಯವು ಅಲ್ಲಿಯ ಪತ್ರಿಕೆಗಳಲ್ಲಿ ಹೊರಬಿತ್ತು. ಆ ದೇಶದ ಕಾನೂನಿನಲ್ಲಿ ವಾಸವೇ ಬೇರೆ, ನೆಲೆಯೇ ಬೇರೆ. ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ತಂದೆಯ ನೆಲೆಯೇ ನೆಲೆ. ಬ್ರಿಟನ್ನಿನಲ್ಲಿ ವಾಸಿಸಿಯೂ ನೆಲೆಯನ್ನು ಪರದೇಶದಲ್ಲಿಟ್ಟುಕೊಂಡವರು ಪರದೇಶದ ಉತ್ಪನ್ನವನ್ನು ಅಲ್ಲಿಗೆ ತರದಿದ್ದರೆ ಅದಕ್ಕೆ ಅಲ್ಲಿ ತೆರಿಗೆ ಕೊಡಬೇಕಾಗಿರಲಿಲ್ಲ. ಕೆಲವು ವರ್ಷಗಳ ವಾಸದ ನಂತರ ಈ ಸೌಲಭ್ಯಕ್ಕೆ ವರ್ಷಕ್ಕೆ 30,000 ಪೌಂಡು ಸಲ್ಲಿಸಿದರಾಯಿತು. ಇನ್ಫೋಸಿಸ್ ಸಂಸ್ಥೆಯಲ್ಲಿ ಸುಮಾರು ಶೇಕಡಾ 0.9ರಷ್ಟು ಪಾಲುಳ್ಳ ಅಕ್ಷತಾ ಮೂರ್ತಿಯವರು ಈ ನಿಯಮದ ಆಶ್ರಯದಲ್ಲಿದ್ದರು. ಇದರಲ್ಲಿ ಕಾನೂನಿನ ಉಲ್ಲಂಘನವೇನೂ ಇರಲಿಲ್ಲ. ಆದರೂ ಏಪ್ರಿಲ್ 8ರಂದು ಅವರು, ಇನ್ನು ಮುಂದೆ ಜಗತ್ತಿನೆಲ್ಲೆಡೆಯ ತಮ್ಮ ಉತ್ಪನ್ನಕ್ಕೆ ಬ್ರಿಟನ್ನಿನಲ್ಲಿಯೇ ತೆರಿಗೆ ಕೊಡುವೆನೆಂದು ಪ್ರಕಟಿಸಿದರು.

ಈ ಚರ್ಚೆಯ ತಿರುಳು ಯಾವುದು? ಒಬ್ಬ ಹೆಣ್ಣುಮಗಳ ಸಿರಿತನವಲ್ಲ. ತೆರಿಗೆಯನ್ನು ಏರಿಸುವ ಕೈಗೂ ತೆರಿಗೆಯಿಂದ ವಿನಾಯಿತಿ ಪಡೆಯುವ ಮನೆಗೂ ನಡುವೆ ಎಷ್ಟು ಅಂತರವಿರಬೇಕೆಂಬುದೇ ಅಲ್ಲಿಯ ಪ್ರಶ್ನೆಯಾಗಿತ್ತು. ಕನ್ನಡದಲ್ಲಿ ಈ ಪ್ರಶ್ನೆಯು ‘ಅಳಿಯನಿಗೆ ಬಂದ ತೊಡಕು’ ಎಂಬ ಮನೆವಾರ್ತೆಯಾಗಿ ಕುಗ್ಗಿತು. ಗದಗ ಸೀಮೆಯ ಓದುಗನಿಗೆ ಇದನ್ನು ತಿಳಿಯಹೇಳುವುದು ಕಠಿಣವಾಗಿರಲಿಲ್ಲ. 1948ಕ್ಕೆ ಮುಂಚೆ ಶಿರಹಟ್ಟಿಯು ಸಾಂಗಲಿಯ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜದ ಸಂಸ್ಥಾನಕ್ಕೂ ಸೇರಿದ್ದವು. ಗದಗ-ಬೆಟಗೇರಿ, ಮುಂಡರಗಿಗಳು ಇಂಗ್ಲಿಷರ ಮುಂಬಯಿ ಇಲಾಖೆಯಲ್ಲಿದ್ದವು. ನುಡಿ ಒಂದೇ, ಬೀಗತನ ಒಂದೇ. ಸರಕಾರ ಮಾತ್ರ ಮೂರು. ಶಿರಹಟ್ಟಿಯ ಮಗಳನ್ನು ಮುಂಡರಗಿಗೆ ಕೊಟ್ಟರೆ ನೆಂಟಸ್ತನ ಬೆಳೆಯುತ್ತಿತ್ತು; ಆದರೆ ಹೊಲ ಯಾವ ಸರಕಾರದ ಗಡಿಯಲ್ಲಿತ್ತೋ ಕಂದಾಯ ಅಲ್ಲಿಗೇ ಸಲ್ಲುತ್ತಿತ್ತು. ನೆಂಟಸ್ತನವನ್ನೂ ಕಂದಾಯವನ್ನೂ ಬೇರೆಬೇರೆಯಾಗಿ ನೋಡುವ ತಿಳುವಳಿಕೆ ಈ ಸೀಮೆಯ ಒಕ್ಕಲಿಗನಿಗೆ ಹೊಸದಲ್ಲ. ಪತ್ರಿಕೆಗಳು ಆ ತಿಳುವಳಿಕೆಯನ್ನು ಬಳಸಿಕೊಳ್ಳಲಿಲ್ಲ.

ಹಾಗೆಂದು ಬ್ರಿಟನ್ನಿನ ಚರ್ಚೆಯೆಲ್ಲ ಆದರ್ಶವೆಂದು ಭ್ರಮಿಸಬೇಕಾದುದಿಲ್ಲ. 2024ರ ಚುನಾವಣೆಯ ಕಾಲದಲ್ಲಿ ರಿಫಾರ್ಮ್ ಪಕ್ಷದ ಪರವಾಗಿ ಪ್ರಚಾರ ಮಾಡುತ್ತಿದ್ದವನೊಬ್ಬನು ಸುನಕರ ಜನಾಂಗವನ್ನು ಹಳಿದಾಡಿದ್ದನ್ನು ದೂರದರ್ಶನ ವಾಹಿನಿಯೊಂದು ಬಯಲಿಗಿಟ್ಟಿತು. 2025ರ ಫೆಬ್ರವರಿಯಲ್ಲಿ, ಸೌತಾಂಪ್ಟನ್ನಿನಲ್ಲಿಯೇ ಹುಟ್ಟಿ ಬೆಳೆದ ಆ ಮನುಷ್ಯನನ್ನು ಇಂಗ್ಲಿಷನೆನ್ನಬಹುದೇ ಎಂಬ ವಾದವೂ ಅಲ್ಲಿ ನಡೆಯಿತು. ‘ಇವನು ನಮ್ಮವನು’ ಎಂದು ಇಲ್ಲಿ ಹಿಗ್ಗಿದವರೂ ‘ಇವನು ನಮ್ಮವನಲ್ಲ’ ಎಂದು ಅಲ್ಲಿ ಹಳಿದವರೂ ಹಿಡಿದ ಅಳತೆಗೋಲು ಒಂದೇ. ರಕ್ತಸಂಬಂಧವೇ ಆ ಕೋಲು. ಅಳಿಯನಲ್ಲ, ಮಗಳ ಗಂಡ ಎಂಬ ಗಾದೆಯಂತೆ ಇವೆರಡಕ್ಕೂ ಭೇದ ಹೆಸರಿನಲ್ಲಷ್ಟೇ ಇದೆ. ಒಂದರಲ್ಲಿ ಪ್ರೀತಿಯಿದೆ, ಇನ್ನೊಂದರಲ್ಲಿ ದ್ವೇಷವಿದೆ, ನಿಜ. ಆದರೆ ಆಳುವವನು ಮಾಡಿದ್ದೇನೆಂಬ ವಿಚಾರಕ್ಕೆ ಎರಡರಲ್ಲಿಯೂ ಎಡೆಯಿಲ್ಲ.

ಮಾಡಿದ್ದನ್ನು ನೋಡಹೊರಟರೆ ಕನ್ನಡಿಗರ ಬಾಗಿಲಿಗೇ ಬಂದು ಮುಟ್ಟುವ ಸಂಗತಿಗಳಿವೆ. 2024ರ ಜನವರಿಯಿಂದ, ಸಂಶೋಧನದ ವ್ಯಾಸಂಗಗಳನ್ನುಳಿದು ಹೆಚ್ಚಿನ ವ್ಯಾಸಂಗಗಳಿಗೆ ಹೋಗುವ ಪರದೇಶದ ವಿದ್ಯಾರ್ಥಿಗಳು ಹೆಂಡಿರುಮಕ್ಕಳನ್ನು ಕರೆದೊಯ್ಯುವುದನ್ನು ಸುನಕರ ಸರಕಾರವು ನಿಲ್ಲಿಸಿತು. ಮಾರ್ಚಿನಲ್ಲಿ ವೃದ್ಧರ, ರೋಗಿಗಳ ಆರೈಕೆಗೆ ಹೊಸದಾಗಿ ಹೋಗುವವರಿಗೂ ಅದೇ ಕಟ್ಟಳೆ ಬಂತು. ಕುಶಲ ಉದ್ಯೋಗದ ಪರವಾನಗಿಗೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳವನ್ನು ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700 ಪೌಂಡಿಗೆ ಏರಿಸಲಾಯಿತು. ಈ ಕಟ್ಟಳೆಗಳು ನ್ಯಾಯವೋ ಅನ್ಯಾಯವೋ ಎಂಬುದು ವಾದದ ಮಾತು. ಆದರೆ ಮಗನನ್ನೋ ಸೊಸೆಯನ್ನೋ ಲಂಡನ್ನಿಗೆ ಕಳಿಸಲು ಹೊಲ ಒತ್ತೆಯಿಡುವ ತಂದೆಗೆ, ಪ್ರಧಾನಿಯು ಯಾರ ಅಳಿಯನೆಂಬುದಕ್ಕಿಂತ ಈ ಅಂಕೆಗಳೇ ಬೇಕಾದವು. ಅವನನ್ನು ಹಿಗ್ಗಿಸಿ ಕಳಿಸಿದ ಬರವಣಿಗೆಯು ಅವನಿಗೆ ಉಪಕಾರ ಮಾಡಿತೆಂದು ಹೇಳಲಾಗದು.

ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, ಬಸವಣ್ಣನವರ ಪ್ರತಿಮೆ ಇದೆ; 2015ರ ನವೆಂಬರ್ 14ರಂದು ಅದರ ಅನಾವರಣವಾಯಿತು. ಪಾರ್ಲಿಮೆಂಟು ನದಿಯ ಆಚೆಯ ದಂಡೆಯಲ್ಲಿದೆ. ಬಂದವನು ಯಾರ ಕಡೆಯವನೆಂದು ಕೇಳದೆ ಅವನನ್ನು ಮನೆಯ ಮಗನಾಗಿ ಎಣಿಸಬೇಕೆಂಬುದು ಆ ಶರಣರ ಪ್ರಸಿದ್ಧ ವಚನವೊಂದರ ಆಶಯ. ಹೊರಗಿನವನಿಗೆ ಬಾಗಿಲು ತೆರೆಯಲೆಂದು ಅವರು ಬಳಸಿದ ‘ನಮ್ಮವ’ ಎಂಬ ಮಾತನ್ನು, ಗದ್ದುಗೆಯೇರಿದವನಿಗೆ ನೆಂಟನಾಗಲೆಂದು ಬಳಸುವುದು ಆ ಮಾತಿನ ಬೆಲೆಯನ್ನು ಇಳಿಸುವುದಾಗಿದೆ.

ಅಸ್ತು. ನೆಲೆಯನ್ನು ಕುರಿತ ಆ ಹಳೆಯ ತೆರಿಗೆಯ ನಿಯಮವನ್ನು ರದ್ದುಗೊಳಿಸುವೆವೆಂದು 2024ರ ಮಾರ್ಚಿನಲ್ಲಿ ಸಾರಿದ್ದು ಸುನಕರ ಸರಕಾರವೇ. ಮುಂದೆ ಬಂದ ಲೇಬರ್ ಪಕ್ಷದ ಸರಕಾರವು ಅದನ್ನು 2025ರ ಏಪ್ರಿಲ್ 6ರಿಂದ ತೆಗೆದುಹಾಕಿತು. ಅಳಿಯನ ಕಥೆಯಲ್ಲಿ ಈ ಸಂಗತಿಗೆ ಸ್ಥಳವಿಲ್ಲ. ಪ್ರಧಾನಿಯ ಕಥೆಯನ್ನು ಕನ್ನಡದಲ್ಲಿ ಬರೆಯಹೊರಟವರು ಇದನ್ನು ಬಿಡುವಂತಿಲ್ಲ.