ಹೆಬ್ಬೆರಳು ಎತ್ತಿದರೆ ಮೇಲಕ್ಕೆ ಅಂತ ಅರ್ಥ

ಹಂಪಿ ಬಜಾರಿನಲ್ಲಿ ವಿರೂಪಾಕ್ಷನ ಗೋಪುರ ಕಾಣುವ ಹಾಗೆ ಕೂತು, ಒಗ್ಗರಣಿ-ಮಿರ್ಚಿ ತಿನ್ನುತ್ತಾ ಸಮುದ್ರದ ಬಗ್ಗೆ ಜಗಳ ಆಡಿದವರು ನಾವಿಬ್ಬರೇ ಇರಬೇಕು. ನಾನು, ಮತ್ತು ಕಂಪ್ಲಿಯ ನಮ್ಮ ಚಿಕ್ಕಮ್ಮನ ಮಗ. ನಮ್ಮ ಕಡೆ ನೀರು ಅಂದ್ರೆ ಹೊಳೆ, ಕಾಲುವೆ, ಡ್ಯಾಮು. ಕಡಲು ನೋಡಬೇಕಂದ್ರೆ ಘಟ್ಟ ಇಳಿಯಬೇಕು. ಆದರೆ ಈಗ ಬೆಂಗಳೂರಿನ ಸಂಬಳ, ಸಾಲಾಗಿ ಬರೋ ರಜೆ, ಕೈಯಲ್ಲಿ ಮೊಬೈಲು, ಕಡಲೇನು ದೂರ?

ತಮ್ಮ ಮೂರು ವಾರದ ಹಿಂದೆ ಸ್ಕೂಬಾ ಕೋರ್ಸ್ ಮುಗಿಸಿ ‘ಓಪನ್ ವಾಟರ್’ ಕಾರ್ಡ್ ತಗೊಂಡಿದ್ದ. ಆಮೇಲೆ ಮಾಡಿದ ಒಂದು ಡೈವ್‌ನ ವಿಡಿಯೊ ತೋರಿಸಿದ. ನೀಲಿ ನೀರು, ಹವಳ, ತೇಲುತ್ತಾ ಹೋಗುವ ಆಮೆ, ಮುಂದೆ ಗೈಡ್, ಹಿಂದೆ ಇವನು. ಚೆನ್ನಾಗಿಯೇ ಇತ್ತು. ನಾನು ಕೇಳಿದೆ, “ಮ್ಯಾಲೆ ಬಂದಾಗ ಸಿಲಿಂಡರ್‌ನಾಗ ಎಷ್ಟು ಗಾಳಿ ಉಳಿದಿತ್ತಲೇ?”

“ನೋಡಿಲ್ಲಣ್ಣ. ಮುಂದ ಗೈಡ್ ಇದ್ನಲ್ಲ, ಅವ್ನೇ ಎಲ್ಲಾ ನೋಡ್ಕಂತಾನ.”

ಅವನು ಬಡಾಯಿ ಕೊಚ್ಚಲಿಲ್ಲ. ನಿಜವಾಗಿ ಹಾಗೇ ನಂಬಿದ್ದ. ಮುಂದಿನ ತಿಂಗಳು ಇನ್ನೂ ಆಳದ ಜಾಗಕ್ಕೆ ಹೋಗ್ತಾನಂತೆ. ನನ್ನ ಗಂಟಲಲ್ಲಿ ಮಿರ್ಚಿ ನಿಂತಿತು.

ಇವನನ್ನು ಬೈದು ಪ್ರಯೋಜನ ಇಲ್ಲ. ನಮ್ಮಂಥ ಬಯಲುಸೀಮೆಯವರು ಕಡಲನ್ನು ಮೊದಲು ನೋಡಿದ್ದು ನೀರಿನಲ್ಲಲ್ಲ, ತೆರೆಯ ಮೇಲೆ. ಆ ತೆರೆ ಏನು ಕಲಿಸಿತು, ಏನು ಕಲಿಸಲಿಲ್ಲ ಅನ್ನೋದೇ ಈ ಬರಹದ ವಿಷಯ.

ನನ್ನ ತಲೆಮಾರಿನ ಎಷ್ಟೋ ಇಂಜಿನಿಯರುಗಳಿಗೆ ಸ್ಕೂಬಾ ಅಂದ್ರೆ ‘ಜಿಂದಗಿ ನ ಮಿಲೇಗಿ ದೊಬಾರಾ’. ಜೋಯಾ ಅಖ್ತರ್ ಸಿನಿಮಾ, 2011ರ ಜುಲೈನಲ್ಲಿ ಬಂತು. ಹೃತಿಕ್ ರೋಷನ್ ಮಾಡಿದ ಅರ್ಜುನ್‌ಗೆ ನೀರು ಕಂಡರೆ ಭಯ, ಈಜು ಬಾರದು, ಜೀವನವೆಲ್ಲ ದುಡ್ಡಿನ ಲೆಕ್ಕ. ಸ್ಪೇನಿನ ಕಡಲಲ್ಲಿ ಕತ್ರಿನಾ ಕೈಫ್ ಮಾಡಿದ ಲೈಲಾ ಅವನ ಡೈವಿಂಗ್ ಟೀಚರ್. ಅವನಿಗೆ ಧೈರ್ಯ ಹೇಳಿ, ಕೈ ಹಿಡಿದು ಇಳಿಸುತ್ತಾಳೆ. ಮೇಲೆ ಬಂದಾಗ ಅವನ ಕಣ್ಣಲ್ಲಿ ನೀರು. ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಇವತ್ತಿಗೂ ಆ ದೃಶ್ಯ ಬಂದರೆ ಸುಮ್ಮನೆ ಕೂರುತ್ತೇನೆ.

ಆದರೂ ಆ ದೃಶ್ಯದ ಮೇಲೆ ನನಗೊಂದು ತಕರಾರಿದೆ. ಅಲ್ಲಿ ಭಯ ಅನ್ನೋದು ಕಳಚಿ ಹಾಕಬೇಕಾದ ಹಳೇ ಅಂಗಿ. ಗೊತ್ತಿರೋರ ಕೈಗೆ ನಿನ್ನನ್ನು ಒಪ್ಪಿಸು, ಉಸಿರಾಡು, ಆಮೇಲೆ ನೀನು ಹೊಸ ಮನುಷ್ಯ. ಮೊದಲ ಸಲ ನೀರಿಗೆ ಇಳಿಯೋನಿಗೆ ಈ ಪಾಠ ಸರಿ. ಪ್ರವಾಸಕ್ಕೆ ಹೋದವರು ತರಬೇತಿ ಇಲ್ಲದೆ ಮಾಡೋ ‘ಟ್ರೈ ಡೈವ್’ ನಡೆಯೋದೇ ಹಾಗೆ. ಹೆಚ್ಚೆಂದರೆ 12 ಮೀಟರ್ ಆಳ, ಪಕ್ಕದಲ್ಲೇ ಅಂಟಿಕೊಂಡ ಇನ್‌ಸ್ಟ್ರಕ್ಟರ್, ಗಾಳಿಯ ಲೆಕ್ಕವೂ ಅವರದೇ. ನಾವು ಉಸಿರಾಡಿದರೆ ಸಾಕು.

ಕಾರ್ಡ್ ಬಂದ ಮೇಲೆ ಮಾತ್ರ ಆಟದ ನಿಯಮ ಬದಲಾಗುತ್ತದೆ. ಓಪನ್ ವಾಟರ್ ಕೋರ್ಸ್‌ನಲ್ಲಿ ಕಡಲಲ್ಲಿ ನಾಲ್ಕು ಡೈವ್ ಮಾಡಿಸಿ, 18 ಮೀಟರ್‌ವರೆಗೆ ಜೊತೆಗಾರನೊಬ್ಬನ ಸಂಗಡ ನೀನೇ ಡೈವ್ ಮಾಡಬಲ್ಲೆ ಅಂತ ಕಾರ್ಡ್ ಕೊಡುತ್ತಾರೆ. ಅದೂ ನೀನು ಕಲಿತಂಥ ನೀರಿನಲ್ಲಿ, ಇಲ್ಲಾ ಅದಕ್ಕಿಂತ ಸುಲಭದ ನೀರಿನಲ್ಲಿ. ಅಂದ್ರೆ ಕಾರ್ಡಿನ ಮೇಲೆ ಕಾಣದ ಹಾಗೆ ಬರೆದಿರೋದು ಇಷ್ಟೇ: ಇನ್ನು ಮೇಲೆ ನಿನ್ನ ಉಸಿರಿಗೆ ನೀನೇ ಜವಾಬ್ದಾರ. ಗೈಡ್ ದಾರಿ ತೋರಿಸ್ತಾನೆ, ಆಮೆ ತೋರಿಸ್ತಾನೆ. ನಿನ್ನ ಶ್ವಾಸಕೋಶ ಅವನ ಹತ್ತಿರ ಇರೋದಿಲ್ಲ.

ತಮ್ಮ ಒಪ್ಪಲಿಲ್ಲ. “ಅವರು ಸಾವಿರ ಡೈವ್ ಮಾಡಿರ್ತಾರಣ್ಣ. ನಾನು ಐದು.”

“ಅದಕ್ಕ ಹೇಳ್ತಿರೋದು” ಅಂತ ಪೇಪರ್ ತುಂಡಿನ ಮೇಲೆ ಲೆಕ್ಕ ಬರೆದೆ. 12 ಲೀಟರ್ ಸಿಲಿಂಡರ್, 200 ಬಾರ್ ಒತ್ತಡ. ಒಟ್ಟು 2400 ಲೀಟರ್ ಗಾಳಿ. ಕೊನೆಯ 50 ಬಾರ್, ಅಂದ್ರೆ 600 ಲೀಟರ್, ಮುಟ್ಟಬಾರದು, ಅದು ಆಪತ್ತಿಗೆ. ಉಳಿದದ್ದು 1800. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚಾಗುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಗಾಳಿ ಖರ್ಚಾಗೋದೂ ಮೂರು ಪಟ್ಟು. ಗೈಡ್ ದಿನಾ ಇಳಿಯೋನು, ಆರಾಮಾಗಿ ಉಸಿರಾಡ್ತಾನೆ. ದಡದ ಮೇಲೆ ಅವನಿಗೆ ನಿಮಿಷಕ್ಕೆ 15 ಲೀಟರ್ ಸಾಕು ಅಂತಿಟ್ಕೋ. ಆ ಆಳದಲ್ಲಿ ಅದು 45 ಆಗುತ್ತೆ, 1800 ಲೀಟರ್ 40 ನಿಮಿಷ ಬರುತ್ತೆ. ಹೊಸಬ ಕೈಕಾಲು ಬಡೀತಾನೆ, ಮಾಸ್ಕ್ ಸರಿ ಮಾಡ್ಕೊಳ್ತಾನೆ, ಎದೆ ಡವಡವ. ಅವನಿಗೆ ನಿಮಿಷಕ್ಕೆ 30 ಲೀಟರ್ ಅಂದರೆ ಆಳದಲ್ಲಿ 90, ಬರೋದು 20 ನಿಮಿಷ. ಒಂದೇ ಅಳತೆಯ ಸಿಲಿಂಡರ್, ಅರ್ಧ ಹೊತ್ತು. ಗೈಡ್ ತನ್ನ ಗೇಜ್ ನೋಡಿಕೊಂಡು ‘ಇನ್ನೂ ಸಾಕಷ್ಟಿದೆ’ ಅಂದ್ಕೊಂಡಿರುವಾಗಲೇ ನಿನ್ನದು ಮುಗಿದಿರಬಹುದು. ಅವನು ನಡುನಡುವೆ ಕೇಳ್ತಾನೆ, ಕೇಳಲೇಬೇಕು. ಆದರೆ ಹಿಂದೆ ಐದಾರು ಜನ ಹೊಸಬರಿದ್ದರೆ ಅವನಿಗಿರೋದು ಎರಡೇ ಕಣ್ಣು.

ತಮ್ಮ ಪೇಪರ್ ನೋಡುತ್ತಾ ಕೂತ.

ಸ್ಪೇನ್ ದೂರ ಆಯಿತು. ನಮ್ಮದೇ ಕಡಲಿಗೆ ಬರೋಣ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ. ಕರ್ನಾಟಕದಲ್ಲಿ ಸ್ಕೂಬಾ ಅಂದ್ರೆ ಬಹುತೇಕ ಅದೇ. ಅದನ್ನು ದೊಡ್ಡ ತೆರೆಗೆ ತಂದದ್ದು ಅಮೋಘವರ್ಷ ಅವರ ‘ಗಂಧದ ಗುಡಿ’. 2022ರ ಅಕ್ಟೋಬರ್ 28ಕ್ಕೆ, ಅಪ್ಪು ಹೋಗಿ ವರ್ಷ ತುಂಬುವ ಹಿಂದಿನ ದಿನ ಬಿಡುಗಡೆಯಾಯಿತು. ಅದೇ ವರ್ಷ ಜೂನ್‌ನಲ್ಲಿ ಅಪ್ಪು ಪುತ್ಥಳಿ ನಿಲ್ಲಿಸಿದ ಊರು ಹೊಸಪೇಟೆ. ನಾವು ಆ ಸಿನಿಮಾನ ಹೇಗೆ ನೋಡಿರಬಹುದು ಅಂತ ಬೇರೆ ಹೇಳಬೇಕಿಲ್ಲ.

ಆ ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಅಪ್ಪು ಅಲ್ಲಿ ಹೀರೋ ಆಗಿ ಬರೋದಿಲ್ಲ ಅನ್ನೋದು. ಪಾತ್ರ ಇಲ್ಲ, ಫೈಟ್ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರೋರ ಹತ್ತಿರ ಕೇಳ್ತಾರೆ, ಭಯ ಆದಾಗ ಮುಚ್ಚಿಡೋದಿಲ್ಲ. ತೆರೆಯ ಮೇಲೆ ನೂರು ಜನರನ್ನು ಹೊಡೆದ ಮನುಷ್ಯ ಹೀಗೆ ಹಿಂಜರಿಯೋದನ್ನು ನೋಡಿ ನಮ್ಮ ಟಾಕೀಸಿನಲ್ಲಿ ಯಾರೂ ಶಿಳ್ಳೆ ನಿಲ್ಲಿಸಲಿಲ್ಲ. ನನ್ನ ಪ್ರಕಾರ ಆ ಸಿನಿಮಾ ಕೊಟ್ಟ ದೊಡ್ಡ ಪಾಠ ಅದೇ. ನನ್ನ ತಕರಾರು ಇರೋದು ನಮ್ಮ ಮೇಲೆ, ನೋಡುಗರ ಮೇಲೆ. ಟಾಕೀಸಿನಿಂದ ನಾವು ಕಡಲಿನ ನೀಲಿಯನ್ನು ಹೊತ್ತು ತಂದೆವು, ಅಪ್ಪುವಿನ ಹಿಂಜರಿಕೆಯನ್ನು ಸೀಟಿನಲ್ಲೇ ಬಿಟ್ಟು ಬಂದೆವು.

ಮೂರನೆಯದು ರೀಲ್ಸ್. ಇದನ್ನು ಯಾರೂ ವಿಮರ್ಶೆ ಮಾಡೋದಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಕಲಿಸ್ತಿರೋದು ಇದೇ. ಮೂವತ್ತು ಸೆಕೆಂಡಿನ ಡೈವ್‌ನಲ್ಲಿ ಕಿವಿ ನೋಯೋದಿಲ್ಲ. ಮಾಸ್ಕಿಗೆ ನೀರು ನುಗ್ಗೋದಿಲ್ಲ. ತೂಕ ಹೆಚ್ಚು ಕಮ್ಮಿಯಾಗಿ ಯಾರೂ ಕೆಳಗೆ ಕುಸಿಯೋದಿಲ್ಲ, ಮೇಲಕ್ಕೆ ಉಬ್ಬಿ ಹೋಗೋದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ಗೇಜ್ ನೋಡೋದಿಲ್ಲ. 5 ಮೀಟರ್‌ನಲ್ಲಿ ಮೂರು ನಿಮಿಷ ಸುಮ್ಮನೆ ನಿಲ್ಲೋ ಸೇಫ್ಟಿ ಸ್ಟಾಪ್ ಇದೆಯಲ್ಲ, ಅದಕ್ಕಿಂತ ಬೋರಿಂಗ್ ದೃಶ್ಯ ಇನ್ನೊಂದಿಲ್ಲ. ಕತ್ತರಿ ಮೊದಲು ಬೀಳೋದೇ ಅಲ್ಲಿ.

ಇಲ್ಲಿಗೆ ಬಂದಾಗ ತಮ್ಮ ಒಂದು ಮಾತಂದ. “ಅಣ್ಣಾ, ನೀ ಹಾಕಿದ್ದ ವಿಡಿಯೊ ನೋಡೇ ನಾ ಕೋರ್ಸ್ ಸೇರಿದ್ದು.”

ಅವನಿಗೆ ಗೊತ್ತಿಲ್ಲದ್ದು ಆ ವಿಡಿಯೊದಲ್ಲಿ ನಾನು ಕತ್ತರಿಸಿದ ಭಾಗ. ಯಾರಿಗೂ ಹೇಳಿರಲಿಲ್ಲ, ಅವತ್ತು ಹೇಳಿದೆ.

ಅದು ಕಾರ್ಡ್ ಬಂದ ಮೇಲಿನ ನನ್ನ ಮೊದಲ ಡೈವ್. ಜಾಗ, ಅಂಗಡಿ ಹೆಸರು ಬೇಡ. ನಾವು ಆರು ಜನ, ಒಬ್ಬ ಗೈಡ್. ಏನೋ ತೋರಿಸಲಿಕ್ಕೆ ಬಂಡೆಯಂಚಿನಿಂದ ಕೆಳಗೆ ಇಳಿದ, ನಾವೂ ಇಳಿದೆವು. ಕಂಪ್ಯೂಟರಿನಲ್ಲಿ 18 ದಾಟಿದ್ದು ಕಂಡೆ, 22 ಕಂಡೆ. ಗೇಜ್ 70 ಬಾರ್. ಅಷ್ಟರಲ್ಲಿ ಗೈಡ್ ತಿರುಗಿ ‘ಓಕೆನಾ?’ ಅಂತ ಬೆರಳು ದುಂಡಗೆ ಮಾಡಿ ಕೇಳಿದ. ನಾನೂ ಬೆರಳು ದುಂಡಗೆ ಮಾಡಿ ಓಕೆ ಅಂದೆ. ಯಾಕೆ ಅಂದೆ? ಉಳಿದ ಐದು ಜನರ ಡೈವ್ ನನ್ನಿಂದ ಹಾಳಾಗಬಾರದು ಅಂತ. ಹಳ್ಳಿಯಿಂದ ಬಂದು ಇಂಗ್ಲಿಷ್ ಮಾತಾಡೋರ ನಡುವೆ ಕೂತವನಿಗೆ ‘ನನಗೆ ಆಗ್ತಿಲ್ಲ’ ಅನ್ನೋದು ಕಷ್ಟ. ಕಾಲೇಜಿನಲ್ಲಿ ಹೇಳಲಿಲ್ಲ, ಆಫೀಸಿನ ಮೀಟಿಂಗುಗಳಲ್ಲಿ ಹೇಳಲಿಲ್ಲ, 22 ಮೀಟರ್ ನೀರಿನಡಿಯಲ್ಲೂ ಹೇಳಲಿಲ್ಲ.

40 ಬಾರ್ ಆದಾಗ ನಾಚಿಕೆ ಸತ್ತು ಭಯ ಎದ್ದಿತು. ಈಜಿ ಹೋಗಿ ಗೈಡ್ ಮುಖದ ಮುಂದೆ ಗೇಜ್ ಹಿಡಿದೆ. ಅವನು ತಕ್ಷಣ ತನ್ನ ಇನ್ನೊಂದು ರೆಗ್ಯುಲೇಟರ್ ನನ್ನ ಬಾಯಿಗೆ ಕೊಟ್ಟು, ತೋಳು ಹಿಡಿದು, ಎಲ್ಲರನ್ನೂ ಕರಕೊಂಡು ನಿಧಾನಕ್ಕೆ ಮೇಲೆ ಬಂದ. ಕೆಟ್ಟವನಲ್ಲ. ಅಷ್ಟು ಆಳಕ್ಕೆ ನಮ್ಮನ್ನು ಇಳಿಸಬಾರದಿತ್ತು, ಅದು ಅವನ ತಪ್ಪು. ಓಕೆ ಅಂದದ್ದು ನನ್ನ ತಪ್ಪು. ನಾನೊಂದು ವೇಳೆ ಹೆದರಿ ಉಸಿರು ಬಿಗಿಹಿಡಿದು ಒಂದೇ ಏಟಿಗೆ ಮೇಲಕ್ಕೆ ಚಿಮ್ಮಿದ್ದರೆ? 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಿಗಿಹಿಡಿದ ಶ್ವಾಸಕೋಶ ಹರಿಯೋಕೆ ಅಷ್ಟು ಬೇಕಾಗಿಲ್ಲ. ಸ್ಕೂಬಾದ ಮೊದಲ ಪಾಠ ‘ಉಸಿರು ಹಿಡಿಯಬೇಡ’ ಅನ್ನೋದು ಅದಕ್ಕೇ.

ದೋಣಿ ಹತ್ತಿದ ಮೇಲೆ ಎಲ್ಲರೂ ಚಪ್ಪಾಳೆ ಹೊಡೆದರು. ಸಂಜೆ ವಿಡಿಯೊ ಹಾಕಿದೆ. ನೂರಾರು ಹೆಬ್ಬೆರಳು ಬಿದ್ದವು, ತಮ್ಮನದೂ ಸೇರಿ.

ಹೊಳೆಯ ವಿಷಯದಲ್ಲಿ ನಮ್ಮ ಜನ ಹೀಗಿಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ನಮ್ಮ ಹರಿಗೋಲಿನ ಬಗ್ಗೆ ಬರೆದಿದ್ದಾನೆ, ಬುಟ್ಟಿಯಂತೆ ದುಂಡಗಿನ ದೋಣಿ, ಹದಿನೈದಿಪ್ಪತ್ತು ಜನ ಕೂರಬಹುದು ಅಂತ. ಇವತ್ತಿಗೂ ಡ್ಯಾಮಿನಿಂದ ನೀರು ಬಿಟ್ಟು ಪುರಂದರ ಮಂಟಪ ಮುಳುಗಿತು ಅಂದರೆ ಹರಿಗೋಲು ದಂಡೆಗೆ. ಯಾರು ಎಷ್ಟು ದುಡ್ಡು ಕೊಟ್ಟರೂ ತಿಳಿದವನು ಇಳಿಸೋದಿಲ್ಲ. ಮಂಟಪವೇ ಅವನ ಗೇಜ್. ಹೊಳೆಯ ಗುರುತು ಗೊತ್ತಿಲ್ಲದೆ, ಯಾರೋ ಜಿಗಿದದ್ದು ನೋಡಿ ಜಿಗಿಯೋರಿಗೆ ಏನಾಗುತ್ತೆ ಅನ್ನೋದನ್ನೂ ಇಲ್ಲೇ ನೋಡಿದ್ದೇವೆ. 2025ರ ಫೆಬ್ರವರಿಯಲ್ಲಿ ಹೊಳೆಯಾಚೆ ಸಾಣಾಪುರದ ಬಳಿ ಪ್ರವಾಸಕ್ಕೆ ಬಂದ ಯುವತಿಯೊಬ್ಬಳು ಬಂಡೆ ಮೇಲಿಂದ ತುಂಗಭದ್ರೆಗೆ ಜಿಗಿದು ಸೆಳವಿಗೆ ಸಿಕ್ಕಿ ತೀರಿಕೊಂಡಳು. ಆ ಜಿಗಿತದ ವಿಡಿಯೊ ನಮ್ಮೆಲ್ಲರ ಮೊಬೈಲಿಗೂ ಬಂತು. ನೋಡಿದಾಗೆಲ್ಲ ನನಗೆ ನನ್ನ ಓಕೆ ನೆನಪಾಗುತ್ತದೆ.

ತಮ್ಮನಿಗೆ ಹೋಗಬೇಡ ಅನ್ನಲಿಲ್ಲ. ಕಡಲು ಅಷ್ಟು ಚೆಂದ ಇರುವಾಗ ಹಾಗನ್ನೋದು ಸುಳ್ಳಾಗುತ್ತದೆ. ದೋಣಿಯಲ್ಲೇ ಕೇಳು ಅಂದೆ. ಎಷ್ಟು ಆಳ? ಎಷ್ಟು ಹೊತ್ತು? ಎಷ್ಟು ಬಾರ್ ಆದಾಗ ತಿರುಗೋದು? ನನ್ನ ಜೊತೆಗಾರ ಯಾರು? ಇಂಗ್ಲಿಷಿನಲ್ಲಿ ಅವನಿಗೆ ‘ಬಡ್ಡಿ’ ಅಂತಾರೆ. ನಮ್ಮ ಸಾಲದ ಬಡ್ಡಿ ಹಾಗೇ, ಮರೆತರೆ ಕುತ್ತಿಗೆಗೆ ಬರುತ್ತೆ. ಇಳಿಯೋ ಮುಂಚೆ ಒಬ್ಬರ ಸಾಮಾನು ಒಬ್ಬರು ನೋಡ್ರಿ, ಸಿಲಿಂಡರ್ ಪೂರ್ತಿ ತೆರೆದಿದೆಯಾ ಅಂತ ಉಸಿರಾಡಿ ನೋಡ್ರಿ. ಕೆಳಗೆ ತಪ್ಪಿಸಿಕೊಂಡರೆ ಒಂದು ನಿಮಿಷ ಹುಡುಕು, ಕಾಣದಿದ್ದರೆ ನಿಧಾನಕ್ಕೆ ಮೇಲೆ ಬಾ. ಕಾರ್ಡಿನ ಆಳಕ್ಕಿಂತ ಕೆಳಗೆ ಕರೆದರೆ ಹೋಗಬೇಡ, ತೋರಿಸೋದು ತಿಮಿಂಗಿಲವೇ ಆಗಲಿ. ಈ ಪ್ರಶ್ನೆ ಕೇಳಿದ್ದಕ್ಕೆ ಮುಖ ಸಿಂಡರಿಸೋ ಅಂಗಡಿ ಇದ್ದರೆ ದೋಣಿ ಹತ್ತಬೇಡ. ಒಳ್ಳೆ ಗೈಡಿಗೆ ಇಂಥ ಹುಡುಗ ಭಾರ ಅಲ್ಲ, ಹಗುರ.

ಡೈವಿಂಗ್‌ನಲ್ಲಿ ಹಳಬರು ಒಪ್ಪಿಕೊಂಡ ಒಂದು ನಿಯಮ ಇದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ಉಳಿದವರು ಪ್ರಶ್ನೆ ಮಾಡುವಂತಿಲ್ಲ. ನಾನು ನೋಡಿದ ಯಾವ ರೀಲಿನಲ್ಲೂ ಈ ನಿಯಮ ಬಂದಿಲ್ಲ. ಕಾರ್ಡಿನ ಬೆಲೆ ಇರೋದು ಮಾತ್ರ ಇದರಲ್ಲೇ.

“ಹಂಗಾರ ಸಾಕು ಅನ್ನಾಕ ಕೈ ಹೆಂಗ ಮಾಡ್ಬೇಕಣ್ಣ? ಕಲಿಸಿದ್ರು, ನಾ ಒಮ್ಮೆನೂ ಮಾಡಿಲ್ಲ” ಅಂದ ತಮ್ಮ.

ನಾನು ಹೆಬ್ಬೆರಳು ಎತ್ತಿದೆ. ದಡದ ಮೇಲೆ ಇದಕ್ಕೆ ‘ಸೂಪರ್’ ಅಂತ ಅರ್ಥ. ನೀರೊಳಗೆ ‘ಸಾಕು, ಮೇಲೆ ಹೋಗೋಣ’ ಅಂತ. ಅವನೂ ಎತ್ತಿದ. ಹೋಟೆಲಿನವರು ನಮ್ಮಿಬ್ಬರ ಹೆಬ್ಬೆರಳು ನೋಡಿ ಖುಷಿಯಾಗಿ ಇನ್ನೆರಡು ಮಿರ್ಚಿ ತಂದಿಟ್ಟರು.

ಹಳೇ ವಿಡಿಯೊ ಅವತ್ತೇ ರಾತ್ರಿ ತೆಗೆದುಹಾಕಿದೆ. ಮುಂದಿನ ತಿಂಗಳು ತಮ್ಮ ಹೋಗಿ ಬರ್ತಾನೆ. ಆಮೆಯ ಫೋಟೊ ಬೇಡ, ಮೇಲೆ ಬಂದ ಮೇಲೆ ಗೇಜಿನ ಫೋಟೊ ಕಳಿಸು ಅಂತ ಹೇಳಿದ್ದೀನಿ.